ಸ್ಪರ್ಧೆಯ ರೋಬಾಟಿಗೆ ಟ್ಯಾಂಕ್ ಟ್ರ್ಯಾಕ್: ತಿರುವಿನಿಂದ ಶುರುಮಾಡಿ

ಟ್ಯಾಂಕ್ ಟ್ರ್ಯಾಕ್ (ಚಕ್ರಗಳ ಸುತ್ತ ಓಡುವ ಪಟ್ಟಿ) ಹಾಕಿದ ರೋಬಾಟ್ ನೇರ ಹೋಗುವಾಗ ಯಾರಿಗೂ ತೊಂದರೆ ಕೊಡುವುದಿಲ್ಲ. ಅಂಚು ಹತ್ತುತ್ತದೆ, ಹಳ್ಳ ದಾಟುತ್ತದೆ, ನೋಡಲೂ ಚೆಂದ. ಅದನ್ನು ನಿಂತಲ್ಲೇ ತಿರುಗಿಸಿ ನೋಡಿ, ಆಗ ನಿಜ ಹೊರಗೆ ಬರುತ್ತದೆ. ಬೆಲ್ಟ್ ಕಳಚುವುದು, ಬ್ರೇಕರ್ ಬೀಳುವುದು, ಶಾಫ್ಟ್ ಬಾಗುವುದು, ಬ್ಯಾಟರಿ ಕುಸಿಯುವುದು ಎಲ್ಲ ಹೆಚ್ಚಾಗಿ ತಿರುವಿನಲ್ಲೇ.

ನಮ್ಮ ತಂಡದ ಮೊದಲ ಟ್ರ್ಯಾಕ್ ರೋಬಾಟ್ ನುಣುಪಾದ ನೆಲದ ಮೇಲೆ ಬುಗುರಿಯ ಹಾಗೆ ತಿರುಗುತ್ತಿತ್ತು. ಅದನ್ನೇ ಕಾರ್ಪೆಟ್ ಮೇಲೆ ಇಟ್ಟಾಗ ಗರ್ ಎಂದು ನಡುಗಿ ನಿಂತುಬಿಟ್ಟಿತು. ಮೋಟರ್ ಚೆನ್ನಾಗಿಯೇ ಇತ್ತು. ತಪ್ಪಿದ್ದು ಚಾಸಿಸ್‌ನ ಉದ್ದ ಮತ್ತು ಅಗಲದಲ್ಲಿ. ಅಲ್ಯುಮಿನಿಯಂ ಕತ್ತರಿಸುವ ಮೊದಲು ಹತ್ತು ನಿಮಿಷ ಲೆಕ್ಕ ಹಾಕಿದ್ದರೆ ಗೊತ್ತಾಗುತ್ತಿತ್ತು. ಆ ಲೆಕ್ಕವನ್ನೇ ನಡುವೆ ಇಟ್ಟುಕೊಂಡು ಈ ಮಾರ್ಗದರ್ಶಿ ಬರೆದಿದ್ದೇನೆ.

ಮೊದಲ ಪ್ರಶ್ನೆ: ಟ್ರ್ಯಾಕ್ ಬೇಕೇ ಬೇಕಾ?

1904ರಲ್ಲಿ ಬೆಂಜಮಿನ್ ಹೋಲ್ಟ್ ಕ್ಯಾಲಿಫೋರ್ನಿಯಾದಲ್ಲಿ ತನ್ನ ಉಗಿ ಟ್ರ್ಯಾಕ್ಟರಿನ ಹಿಂದಿನ ಚಕ್ರಗಳನ್ನು ತೆಗೆದು ಟ್ರ್ಯಾಕ್ ಹಾಕಿದ. ಅಲ್ಲಿನ ಮೆತ್ತನೆಯ ಮಣ್ಣಿನಲ್ಲಿ ಭಾರದ ಟ್ರ್ಯಾಕ್ಟರುಗಳು ಹೂತುಹೋಗುತ್ತಿದ್ದವು. ಟ್ರ್ಯಾಕ್ ತೂಕವನ್ನು ಹರಡಿತು. ಆದರೆ ಸ್ಪರ್ಧೆಯ ಅಂಗಳ ಸಾಮಾನ್ಯವಾಗಿ ಕಾರ್ಪೆಟ್, ಪ್ಲೈವುಡ್ ಅಥವಾ ಫೋಮ್ ಹಾಸು. ಅಲ್ಲಿ ಹೂತುಹೋಗುವ ಮಾತೇ ಇಲ್ಲ.

"ನೆಲಕ್ಕೆ ತಾಗುವ ಜಾಗ ಜಾಸ್ತಿ, ಹಾಗಾಗಿ ಹಿಡಿತವೂ ಜಾಸ್ತಿ" ಎಂದು ಹಲವರು ನಂಬಿದ್ದಾರೆ. ಘರ್ಷಣೆಯ ಬಲ ಎಂದರೆ ತೂಕ ಗುಣಿಸು ಘರ್ಷಣೆಯ ಗುಣಾಂಕ, ಅಷ್ಟೆ. ಅದರಲ್ಲಿ ಜಾಗದ ಅಳತೆ ಬರುವುದಿಲ್ಲ. ರಬ್ಬರ್ ಈ ನಿಯಮವನ್ನು ಸ್ವಲ್ಪ ಮೀರುತ್ತದೆ ನಿಜ, ಆದರೆ ನೀವು ಅಂದುಕೊಂಡಷ್ಟಲ್ಲ. ಅದೇ ರಬ್ಬರ್ ಸುತ್ತಿದ, ಆರೂ ಚಕ್ರಗಳಿಗೆ ಮೋಟರ್ ಶಕ್ತಿ ಸಿಗುವ ರೋಬಾಟ್ ಹೆಚ್ಚುಕಡಿಮೆ ಅಷ್ಟೇ ಜೋರಾಗಿ ತಳ್ಳುತ್ತದೆ. ತಳ್ಳಾಟದಲ್ಲಿ ಗೆಲ್ಲಲು ಅಂತ ಟ್ರ್ಯಾಕ್ ಹಾಕಬೇಡಿ.

ಟ್ರ್ಯಾಕ್ ನಿಜವಾಗಿ ಕೊಡುವುದು ಎರಡು ಲಾಭ. ಚೂಪಾದ ಅಂಚಿನ ಮೇಲೆ ಹೊಟ್ಟೆ ಸಿಕ್ಕಿಕೊಳ್ಳುವುದಿಲ್ಲ, ಏಕೆಂದರೆ ಎರಡು ಚಕ್ರಗಳ ನಡುವೆ ಖಾಲಿ ಜಾಗವೇ ಇರುವುದಿಲ್ಲ. ಮತ್ತೆ, ಮೂತಿಯನ್ನು ಎತ್ತರ ಮಾಡಿದರೆ ಸಣ್ಣ ಪುಲ್ಲಿಯಲ್ಲೇ (ಪಟ್ಟಿ ಸುತ್ತುವ ಹಲ್ಲಿನ ಗಾಲಿ) ದೊಡ್ಡ ಅಡ್ಡಿ ಹತ್ತಬಹುದು. ಫಸ್ಟ್ ಎಂಬ ವಿದ್ಯಾರ್ಥಿಗಳ ರೋಬಾಟ್ ಸ್ಪರ್ಧೆಯ 2016ರ ಸ್ಟ್ರಾಂಗ್‌ಹೋಲ್ಡ್ ಆಟದಲ್ಲಿ ಕಂದಕ, ಕಲ್ಲಿನ ಗೋಡೆ, ಒರಟು ನೆಲ ಎಲ್ಲ ದಾಟಬೇಕಿತ್ತು. ಆ ವರ್ಷ ಟ್ರ್ಯಾಕ್ ಹಾಕಿದ ತಂಡಗಳೂ ದಾಟಿದವು, ಗಾಳಿ ತುಂಬಿದ ದೊಡ್ಡ ಟೈರ್ ಹಾಕಿದ ತಂಡಗಳೂ ದಾಟಿದವು. ರೋಬೋಕಪ್ ಸ್ಪರ್ಧೆಯ ರಕ್ಷಣಾ ರೋಬಾಟ್ ವಿಭಾಗದಂತೆ ಮೆಟ್ಟಿಲು ಹತ್ತಬೇಕಾದ ಕಡೆ ಮಾತ್ರ ಟ್ರ್ಯಾಕಿಗೆ ಸಾಟಿ ಕಡಿಮೆ.

ನಿಮ್ಮ ಆಟದ ಅಡ್ಡಿಗಳನ್ನೆಲ್ಲ ಬರೆದುಕೊಳ್ಳಿ. 200 ಮಿ.ಮೀ. ಚಕ್ರ ಅವನ್ನೆಲ್ಲ ದಾಟುವುದಾದರೆ ಚಕ್ರವನ್ನೇ ಹಾಕಿ. ಇಲ್ಲ ಅಂತಾದರೆ ಮುಂದೆ ಓದಿ.

ತಿರುವಿನ ಲೆಕ್ಕ

ಟ್ರ್ಯಾಕ್ ರೋಬಾಟ್ ಎರಡು ಪಟ್ಟಿಗಳನ್ನು ವಿರುದ್ಧ ದಿಕ್ಕಿಗೆ ಓಡಿಸಿ ನಿಂತಲ್ಲೇ ತಿರುಗುತ್ತದೆ. ಆಗ ಪಟ್ಟಿ ನೆಲದ ಮೇಲೆ ಅಡ್ಡಕ್ಕೆ ಉಜ್ಜುತ್ತದೆ. ಮುಂದಿನ ಅರ್ಧ ಒಂದು ಕಡೆಗೆ, ಹಿಂದಿನ ಅರ್ಧ ಇನ್ನೊಂದು ಕಡೆಗೆ. ಮಧ್ಯದ ಬಿಂದು ಅಡ್ಡಕ್ಕೆ ಸರಿಯುವುದೇ ಇಲ್ಲ. ತುದಿಗೆ ಹೋದಷ್ಟೂ ಉಜ್ಜುವಿಕೆಗೆ ಸನ್ನೆಯ ತೋಳು ಉದ್ದ. ತೂಕ ಪಟ್ಟಿಯ ಉದ್ದಕ್ಕೂ ಸಮನಾಗಿ ಕೂತಿದೆ ಎಂದುಕೊಂಡರೆ ಸರಾಸರಿ ತೋಳು ಪಟ್ಟಿಯ ಉದ್ದದ ಕಾಲು ಭಾಗ. ಹಾಗಾಗಿ:

ತಿರುವನ್ನು ತಡೆಯುವ ಟಾರ್ಕ್ (ತಿರುಚುವ ಬಲ) = ಅಡ್ಡ ಘರ್ಷಣೆಯ ಗುಣಾಂಕ × ತೂಕ × ನೆಲಕ್ಕೆ ತಾಗುವ ಉದ್ದ ÷ 4

ಇದನ್ನು ಎರಡು ಪಟ್ಟಿಗಳ ನಡುವಿನ ಅಂತರದಿಂದ ಭಾಗಿಸಿದರೆ, ಒಂದೊಂದು ಪಟ್ಟಿಯೂ ನೆಲವನ್ನು ಎಷ್ಟು ಬಲದಿಂದ ತಳ್ಳಬೇಕು ಎಂಬುದು ಸಿಗುತ್ತದೆ. ಅಂತರ ಎಂದರೆ ಒಂದು ಪಟ್ಟಿಯ ಮಧ್ಯದಿಂದ ಇನ್ನೊಂದರ ಮಧ್ಯಕ್ಕೆ.

ಒಂದು ಉದಾಹರಣೆ ನೋಡೋಣ. ರೋಬಾಟ್ 60 ಕಿಲೋ, ಅಂದರೆ ತೂಕ ಸುಮಾರು 590 ನ್ಯೂಟನ್. ಕಾರ್ಪೆಟ್ ಮೇಲೆ ಒಳ್ಳೆಯ ರಬ್ಬರಿನ ಗುಣಾಂಕ 1 ಎಂದು ಇಟ್ಟುಕೊಳ್ಳಿ. ತಾಗುವ ಉದ್ದ 0.5 ಮೀಟರ್, ಪಟ್ಟಿಗಳ ಅಂತರ 0.6 ಮೀಟರ್. ತಡೆಯುವ ಟಾರ್ಕ್ ಸುಮಾರು 74 ನ್ಯೂಟನ್ ಮೀಟರ್. ಪ್ರತಿ ಪಟ್ಟಿಗೆ ಬೇಕಾದ ಬಲ ಸುಮಾರು 123 ನ್ಯೂಟನ್. ಒಂದು ಪಟ್ಟಿಯ ಮೇಲೆ ಅರ್ಧ ತೂಕ ಇರುವುದರಿಂದ ಅದು ಜಾರದೆ ಕೊಡಬಹುದಾದ ಗರಿಷ್ಠ ಬಲ 295 ನ್ಯೂಟನ್. ಆರಾಮವಾಗಿ ತಿರುಗುತ್ತದೆ.

ಈಗ ಅದೇ ರೋಬಾಟಿಗೆ ಉದ್ದ 0.9, ಅಂತರ 0.45 ಇಡಿ. ಬೇಕಾದ ಬಲ 295, ಸಿಗುವ ಗರಿಷ್ಠ ಬಲವೂ 295. ಇದು ತಿರುಗುವುದಿಲ್ಲ. ಎಂಥ ದೊಡ್ಡ ಮೋಟರ್ ಹಾಕಿದರೂ ಪಟ್ಟಿ ನಿಂತಲ್ಲೇ ಜಾರುತ್ತದೆ.

ಎರಡೂ ದಿಕ್ಕಿನ ಘರ್ಷಣೆ ಒಂದೇ ಇದ್ದಾಗ ಉದ್ದ ಅಂತರದ ಎರಡು ಪಟ್ಟು ಮುಟ್ಟಿದರೆ ಕಥೆ ಮುಗಿಯಿತು. ನಾನು 1.3ಕ್ಕಿಂತ ಮೇಲೆ ಹೋಗುವುದಿಲ್ಲ. 1ಕ್ಕಿಂತ ಕಡಿಮೆ ಇದ್ದರೆ ಇನ್ನೂ ಖುಷಿ, ಆದರೆ ತೀರಾ ಗಿಡ್ಡ ರೋಬಾಟ್ ಇಳಿಜಾರಿನಲ್ಲಿ ಹಿಂದಕ್ಕೆ ಪಲ್ಟಿ ಹೊಡೆಯುತ್ತದೆ. ಅದನ್ನೂ ನೋಡಿಕೊಳ್ಳಿ.

ಉದ್ದ ಕಡಿಮೆ ಮಾಡಲು ಆಗದಿದ್ದರೆ ಒಂದು ಒಳ್ಳೆಯ ಉಪಾಯ ಇದೆ. ಪಟ್ಟಿಯನ್ನು ಒಳಗಿನಿಂದ ನೆಲಕ್ಕೆ ಒತ್ತುವ ಗಾಲಿಗಳಲ್ಲಿ ಮಧ್ಯದವನ್ನು ತುದಿಯ ಗಾಲಿಗಳಿಗಿಂತ 3ರಿಂದ 5 ಮಿ.ಮೀ. ಕೆಳಗೆ ಕೂರಿಸಿ. ಸಮತಟ್ಟಾದ ನೆಲದ ಮೇಲೆ ತೂಕ ಬಹುಪಾಲು ಮಧ್ಯದಲ್ಲೇ ಕೂರುತ್ತದೆ. ತಾಗುವ ಉದ್ದ ಅರ್ಧವಾದರೆ ತಡೆಯುವ ಟಾರ್ಕೂ ಅರ್ಧ. ಅಡ್ಡಿ ಹತ್ತುವಾಗ ಪೂರ್ತಿ ಉದ್ದ ಕೆಲಸಕ್ಕೆ ಬರುತ್ತದೆ. ರೋಬಾಟ್ ತುಸು ತೂಗಾಡುತ್ತದೆ, ಗುರಿಯಿಟ್ಟು ಎಸೆಯುವ ಯಂತ್ರ ಮೇಲಿದ್ದರೆ ಅದು ಕಿರಿಕಿರಿ. ಆದರೂ ನನ್ನ ಮಟ್ಟಿಗೆ ಇದು ಬಿಡಲೇಬಾರದ ಉಪಾಯ.

ಪಟ್ಟಿಯ ಆಯ್ಕೆ

ಮಧ್ಯಮ ಮತ್ತು ದೊಡ್ಡ ರೋಬಾಟಿಗೆ ನನ್ನ ಆಯ್ಕೆ ಟೈಮಿಂಗ್ ಬೆಲ್ಟ್. ಒಳಗೆ ಹಲ್ಲು, ಹೊರಗೆ ರಬ್ಬರ್ ಹೊದಿಕೆ. ಪ್ಲಾಸ್ಟಿಕ್ ಕೊಂಡಿಗಳ ಟ್ರ್ಯಾಕ್ ಸಣ್ಣ ರೋಬಾಟಿಗೆ ಸಾಕು. ಒಂದು ಕೊಂಡಿ ಮುರಿದರೆ ಅದೊಂದನ್ನೇ ಬದಲಿಸಬಹುದು, ಆದರೆ ತಿರುವಿನಲ್ಲಿ ಕೊಂಡಿಗಳು ಪಟಪಟನೆ ಬಿಚ್ಚಿಕೊಳ್ಳುತ್ತವೆ. ಸರಪಳಿಗೆ ಅಡ್ಡಪಟ್ಟಿಗಳನ್ನು ಜೋಡಿಸಿದ ಟ್ರ್ಯಾಕ್ ಗಟ್ಟಿ, ಆದರೆ ಭಾರ. ಜೊತೆಗೆ ಲೋಹ ನೆಲಕ್ಕೆ ತಾಗಿ ಅಂಗಳ ಹಾಳಾದರೆ ತಪಾಸಣೆಯಲ್ಲೇ ಹೊರಗೆ ಹಾಕುತ್ತಾರೆ. ನಿಯಮ ಪುಸ್ತಕ ಮೊದಲು ಓದಿ.

ಹೊದಿಕೆಯನ್ನು ಕಾರ್ಖಾನೆಯಲ್ಲೇ ಬೆಸೆದಿರುವ ಬೆಲ್ಟ್ ಸಿಕ್ಕರೆ ಅದನ್ನೇ ತನ್ನಿ. ನಾವೇ ಅಂಟಿಸಿದ ರಬ್ಬರ್ ಪುಲ್ಲಿ ಸುತ್ತುವಾಗ ಪ್ರತಿ ಸಲವೂ ಹಿಗ್ಗಿ ಕುಗ್ಗಿ ಅಂಚಿನಿಂದ ಏಳುತ್ತದೆ. ಮೆತ್ತನೆಯ ರಬ್ಬರಿನ ಆಸೆಗೂ ಬೀಳಬೇಡಿ. ಹಿಡಿತ ಹೆಚ್ಚಾದಷ್ಟೂ ತಿರುವು ಕಷ್ಟ, ಮೇಲಿನ ಲೆಕ್ಕದಲ್ಲೇ ಅದು ಕಾಣುತ್ತದೆ ಅಲ್ವಾ?

ಉದಾಹರಣೆಗೆ 8 ಮಿ.ಮೀ. ಪಿಚ್‌ನ (ಹಲ್ಲಿನಿಂದ ಹಲ್ಲಿಗೆ ಇರುವ ಅಂತರ) ಎಚ್‌ಟಿಡಿ 8ಎಂ ಎಂಬ ಬಗೆಯ ಬೆಲ್ಟ್ ತೆಗೆದುಕೊಳ್ಳೋಣ. 30 ಹಲ್ಲಿನ ಪುಲ್ಲಿ ಒಂದು ಸುತ್ತಿಗೆ 240 ಮಿ.ಮೀ. ಓಡುತ್ತದೆ. ಅದರ ಪಿಚ್ ವ್ಯಾಸ 240 ಭಾಗಿಸು 3.1416, ಅಂದರೆ 76.4 ಮಿ.ಮೀ. ಎರಡು ಸಮಾನ ಪುಲ್ಲಿಗಳಿದ್ದರೆ ಬೆಲ್ಟಿನ ಉದ್ದ ಎಂದರೆ ಕೇಂದ್ರಗಳ ಅಂತರದ ಎರಡು ಪಟ್ಟು, ಅದಕ್ಕೆ ಒಂದು ಸುತ್ತಿನ 240 ಸೇರಿಸಿ. ಅಂತರ 500 ಇದ್ದರೆ 1240 ಮಿ.ಮೀ., 155 ಹಲ್ಲು. ಆದರೆ ಬೆಲ್ಟುಗಳು ನಮಗೆ ಬೇಕಾದ ಉದ್ದದಲ್ಲಿ ಬರುವುದಿಲ್ಲ, ನಿಗದಿಯಾದ ಉದ್ದಗಳಲ್ಲೇ ಬರುತ್ತವೆ. 1280 ಸಿಗುತ್ತದೆ ಎಂದರೆ ಕೇಂದ್ರಗಳ ಅಂತರವನ್ನು 520ಕ್ಕೆ ಬದಲಿಸಿ. ಬೆಲ್ಟ್ ಮೊದಲು, ಚಾಸಿಸ್ ಆಮೇಲೆ. ಈ ಕ್ರಮ ತಿರುಗುಮುರುಗು ಮಾಡಿದ ತಂಡಗಳು ಸ್ಪರ್ಧೆಗೆ ಒಂದು ವಾರ ಇರುವಾಗ ಹೊಸ ರಂಧ್ರ ಕೊರೆಯುತ್ತಾ ಕೂರುತ್ತವೆ.

ಬೆಲ್ಟನ್ನು ಚೂಪಾಗಿ ಮಡಚಿ ಪೆಟ್ಟಿಗೆಯಲ್ಲಿ ತುರುಕಬೇಡಿ. ಒಳಗಿನ ಫೈಬರ್‌ಗ್ಲಾಸ್ ನೂಲು ಮುರಿಯುತ್ತದೆ. ಹೊರಗಿನಿಂದ ಏನೂ ಕಾಣುವುದಿಲ್ಲ, ಪಂದ್ಯದ ಮಧ್ಯದಲ್ಲಿ ಹರಿಯುತ್ತದೆ.

ಗಾಲಿಗಳನ್ನು ಎಲ್ಲಿ ಕೂರಿಸಬೇಕು

ಮೋಟರಿನ ಪುಲ್ಲಿ ಹಿಂದೆ ಇರಲಿ. ಮುಂದೆ ಹೋಗುವಾಗ ಅದು ನೆಲದ ಮೇಲಿನ ಭಾಗವನ್ನು ತನ್ನ ಕಡೆಗೆ ಎಳೆಯುತ್ತದೆ. ಆಗ ಕೆಳಗಿನ ಭಾಗ ಬಿಗಿ, ಮೇಲಿನದು ಸಡಿಲ. ಅಡ್ಡಿ ಹತ್ತುವಾಗ ಕೆಳಭಾಗ ಬಿಗಿಯಾಗಿರುವುದೇ ನಮಗೆ ಬೇಕು.

ಜಾಗ ಇದ್ದರೆ ಆ ಪುಲ್ಲಿಯನ್ನು ನೆಲದಿಂದ ಮೇಲೆ ಎತ್ತಿ. ಕ್ಯಾಟರ್‌ಪಿಲ್ಲರ್ ಕಂಪನಿ 1977ರಲ್ಲಿ ತನ್ನ ಡಿ10 ಬುಲ್ಡೋಜರಿನಲ್ಲಿ ಇದನ್ನೇ ಮಾಡಿತು. ನೆಲದ ಹೊಡೆತ ನೇರವಾಗಿ ಗೇರಿಗೆ ಬೀಳುವುದಿಲ್ಲ. ರೋಬಾಟಿನಲ್ಲೂ ಗೇರ್‌ಬಾಕ್ಸ್ ಶಾಫ್ಟ್ ಬಾಗುವುದು ಇದರಿಂದ ತಪ್ಪುತ್ತದೆ. ಪುಲ್ಲಿಯ ಕನಿಷ್ಠ 6 ಹಲ್ಲುಗಳಾದರೂ ಬೆಲ್ಟಿನೊಳಗೆ ಕೂತಿರಬೇಕು. 30 ಹಲ್ಲಿನ ಪುಲ್ಲಿಗೆ 120 ಡಿಗ್ರಿ ಸುತ್ತು ಸಿಕ್ಕರೂ 10 ಹಲ್ಲು ಕೂರುತ್ತವೆ, ಸಾಕು.

ಮುಂದಿನ ಪುಲ್ಲಿಯ ಕೇಂದ್ರ ಹತ್ತಬೇಕಾದ ಅಂಚಿಗಿಂತ ಎತ್ತರದಲ್ಲಿರಲಿ. 100 ಮಿ.ಮೀ. ಅಂಚಿಗೆ ಕೇಂದ್ರ 115ರ ಆಸುಪಾಸು. ಅಲ್ಲಿಂದ ಮೊದಲ ನೆಲದ ಗಾಲಿಯವರೆಗೆ ಬೆಲ್ಟ್ ಇಳಿಜಾರಾಗಿ ಬರುತ್ತದೆ. ಆ ಇಳಿಜಾರು 45 ಡಿಗ್ರಿ ಮೀರದಿದ್ದರೆ ಒಳ್ಳೆಯದು.

ನೆಲದ ಗಾಲಿಗಳನ್ನು ಹತ್ತಿರ ಹತ್ತಿರ ಇಡಿ. ದೂರ ಇಟ್ಟರೆ ಅಡ್ಡಿಯ ಅಂಚು ಅವುಗಳ ನಡುವೆ ಬೆಲ್ಟನ್ನು ಒಳಗೆ ತಳ್ಳುತ್ತದೆ, ಚಕ್ರದ ರೋಬಾಟಿನ ಸಮಸ್ಯೆಯೇ ಮತ್ತೆ ಬರುತ್ತದೆ. ನುಣುಪಾದ ರೋಲರ್ ಹಲ್ಲುಗಳ ಮೇಲೆ ಕಟಕಟ ಕುಣಿಯುತ್ತದೆ. ಅಲ್ಲಿಯೂ ಹಲ್ಲಿರುವ ಪುಲ್ಲಿಯನ್ನೇ ಬೇರಿಂಗ್ ಮೇಲೆ ಸುಮ್ನೆ ತಿರುಗಲು ಬಿಡಿ. ಗಾಲಿಯ ಬದಲು ಜಾರುವ ಪ್ಲಾಸ್ಟಿಕ್ ಹಲಗೆ ಹಾಕುವವರಿದ್ದಾರೆ. ಸಣ್ಣ ರೋಬಾಟಿಗೆ ಪರವಾಗಿಲ್ಲ, 60 ಕಿಲೋ ರೋಬಾಟಿಗೆ ಅದು ಬ್ಯಾಟರಿ ತಿನ್ನುತ್ತದೆ.

ಮೆಟ್ಟಿಲು ಹತ್ತಬೇಕಾ? ಹಾಗಾದರೆ ಉದ್ದದ ಲೆಕ್ಕ ಬೇರೆ. ಮೆಟ್ಟಿಲು 300 ಮಿ.ಮೀ. ಅಗಲ, 170 ಎತ್ತರ ಇದ್ದರೆ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಓರೆಯಲ್ಲಿ ಸುಮಾರು 345 ಮಿ.ಮೀ. ರೋಬಾಟಿನ ಮುಂದಿನ ಅರ್ಧದಲ್ಲೂ ಹಿಂದಿನ ಅರ್ಧದಲ್ಲೂ ಯಾವಾಗಲೂ ಒಂದೊಂದು ಮೂಲೆ ತಾಗಿರಬೇಕು. ಅದಕ್ಕೆ ತಾಗುವ ಉದ್ದ 690 ಮಿ.ಮೀ. ಬೇಕು. ತಿರುವು ಗಿಡ್ಡ ಪಟ್ಟಿ ಕೇಳುತ್ತದೆ, ಮೆಟ್ಟಿಲು ಉದ್ದ ಪಟ್ಟಿ ಕೇಳುತ್ತದೆ. ಈ ಜಗಳ ಬಿಡಿಸಲೆಂದೇ ರಕ್ಷಣಾ ರೋಬಾಟುಗಳು ಮಡಚುವ ತೋಳಿನ ಟ್ರ್ಯಾಕ್ ಇಟ್ಟುಕೊಳ್ಳುತ್ತವೆ. ಪ್ಯಾಕ್‌ಬಾಟ್ ಎಂಬ ಟ್ರ್ಯಾಕ್ ರೋಬಾಟ್ ನೋಡಿದರೆ ಗೊತ್ತಾಗುತ್ತದೆ: ಮೆಟ್ಟಿಲಲ್ಲಿ ತೋಳು ಚಾಚುತ್ತದೆ, ತಿರುಗುವಾಗ ಮಡಚುತ್ತದೆ.

ಅದೇ ಮೆಟ್ಟಿಲು ಸುಮಾರು 30 ಡಿಗ್ರಿ ಓರೆ. ಗುರುತ್ವ ಕೇಂದ್ರ ನೆಲದಿಂದ 200 ಮಿ.ಮೀ. ಎತ್ತರ ಇದ್ದರೆ ಅದರ ಭಾರ ಬೀಳುವ ಜಾಗ 115 ಮಿ.ಮೀ.ನಷ್ಟು ಹಿಂದಕ್ಕೆ ಸರಿಯುತ್ತದೆ. ಬ್ಯಾಟರಿಯನ್ನು ಮುಂದೆ, ಕೆಳಗೆ ಇಡಿ.

ಗೇರ್ ಅನುಪಾತ

ಇಲ್ಲೂ ಎರಡು ಅಂಕಿ ಸಾಕು: ಪಟ್ಟಿ ಜಾರುವ ಬಲ ಮತ್ತು ತಿರುವಿಗೆ ಬೇಕಾದ ಬಲ. ಮೋಟರ್ ಯಾವಾಗಲೂ ಬ್ರೇಕರ್ ಬೀಳುವ ಮೊದಲೇ ಪಟ್ಟಿಯನ್ನು ಜಾರಿಸುವಷ್ಟು ಶಕ್ತವಾಗಿರಬೇಕು. ಆಗ ರೋಬಾಟ್ ಗೋಡೆಗೆ ಒತ್ತಿ ನಿಂತರೂ ಮೋಟರ್ ಸುಡುವುದಿಲ್ಲ.

ಜಾರುವ ಬಲ ಒಂದು ಕಡೆಗೆ 295 ನ್ಯೂಟನ್. ಪುಲ್ಲಿಯ ತ್ರಿಜ್ಯ 0.038 ಮೀಟರ್. ಶಾಫ್ಟಿನಲ್ಲಿ ಬೇಕಾದ ಟಾರ್ಕ್ ಸುಮಾರು 11.3 ನ್ಯೂಟನ್ ಮೀಟರ್. ಒಂದು ಕಡೆಗೆ, ಇಂಥ ರೋಬಾಟುಗಳಲ್ಲಿ ಬಳಸುವ ಸಿಮ್ (CIM) ಎಂಬ ಮೋಟರ್ ಎರಡು ಹಾಕಿದ್ದೀರಿ ಎಂದುಕೊಳ್ಳಿ. 12 ವೋಲ್ಟ್‌ನಲ್ಲಿ ಈ ಮೋಟರ್ ಖಾಲಿ ಓಡುವಾಗ 5330 ಆರ್‌ಪಿಎಂ. ತಡೆದು ನಿಲ್ಲಿಸಿದರೆ 2.4 ನ್ಯೂಟನ್ ಮೀಟರ್, 131 ಆಂಪ್. ಒಂದೊಂದು ಮೋಟರಿನ ಬ್ರೇಕರ್ 40 ಆಂಪ್‌ದಾದರೆ, ಆ 40 ಆಂಪ್‌ನಲ್ಲಿ ಸುಮಾರು 0.7 ನ್ಯೂಟನ್ ಮೀಟರ್ ಸಿಗುತ್ತದೆ. ಎರಡಕ್ಕೆ 1.4. ಗೇರಿನಲ್ಲಿ ನೂರಕ್ಕೆ 10, ಟ್ರ್ಯಾಕಿನಲ್ಲಿ ನೂರಕ್ಕೆ 20 ನಷ್ಟ ಎಂದರೆ ಉಳಿಯುವುದು 1.0. ಹಾಗಾದರೆ ಅನುಪಾತ (ಪುಲ್ಲಿಯ ಒಂದು ಸುತ್ತಿಗೆ ಮೋಟರ್ ಎಷ್ಟು ಸುತ್ತು) 11ರ ಮೇಲೆ ಬೇಕು. 12 ಹಲ್ಲಿಗೆ 40, ಆಮೇಲೆ 14 ಹಲ್ಲಿಗೆ 48 ಹಾಕಿದರೆ 11.4 ಬರುತ್ತದೆ.

ವೇಗ ಎಷ್ಟು? 5330 ಭಾಗಿಸು 11.4, ಸುಮಾರು 467 ಆರ್‌ಪಿಎಂ. ಸುತ್ತಿಗೆ 0.24 ಮೀಟರ್, ಅಂದರೆ ಸೆಕೆಂಡಿಗೆ 1.87 ಮೀಟರ್. ನಿಜದಲ್ಲಿ 1.5 ಸಿಗುತ್ತದೆ. ನಿಧಾನ ಅನಿಸಿತಾ? ಅನುಪಾತ 6ಕ್ಕೆ ಇಳಿಸಿದರೆ ಏನಾಗುತ್ತದೆ ನೋಡಿ. ತಿರುವಿಗೆ ಪ್ರತಿ ಪಟ್ಟಿಗೂ ಸುಮಾರು 125 ನ್ಯೂಟನ್ ಬೇಕು. 11.4ರಲ್ಲಿ ಒಂದೊಂದು ಮೋಟರ್ 18 ಆಂಪ್ ಎಳೆಯುತ್ತದೆ, ನಾಲ್ಕಕ್ಕೆ 73. ಅನುಪಾತ 6ರಲ್ಲಿ ಒಂದೊಂದಕ್ಕೂ 32, ನಾಲ್ಕಕ್ಕೆ ಸುಮಾರು 130 ಆಂಪ್. ಫಸ್ಟ್ ರೋಬಾಟಿನ ಮುಖ್ಯ ಬ್ರೇಕರ್ 120 ಆಂಪ್‌ದು. ಅದು ಸ್ವಲ್ಪ ಹೊತ್ತು ತಡೆದುಕೊಳ್ಳುತ್ತದೆ, ಆದರೆ ಪಂದ್ಯದ ಕೊನೆಯಲ್ಲಿ ದಣಿದ ಬ್ಯಾಟರಿ ತಡೆದುಕೊಳ್ಳುವುದಿಲ್ಲ.

ಬೆಲ್ಟ್ ಕಳಚದಂತೆ ನೋಡಿಕೊಳ್ಳುವುದು

ಎಲ್ಲಕ್ಕಿಂತ ಹೆಚ್ಚು ಸಮಯ ಇಲ್ಲಿ ಕೊಡಿ. 60 ಕಿಲೋ ರೋಬಾಟಿನ ಒಂದು ಪಟ್ಟಿಯ ಮುಂದಿನ ಅರ್ಧದ ಮೇಲೆ ಕಾಲು ಭಾಗ ತೂಕ ಇರುತ್ತದೆ. ತಿರುಗುವಾಗ ನೆಲ ಆ ಭಾಗವನ್ನು ಅಡ್ಡಕ್ಕೆ 147 ನ್ಯೂಟನ್ ಬಲದಿಂದ ತಳ್ಳುತ್ತದೆ. 15 ಕಿಲೋ ಭಾರವನ್ನು ಬೆಲ್ಟಿನ ತೆಳುವಾದ ಅಂಚಿಗೆ ನೇತುಹಾಕಿದ ಹಾಗೆ. ಅದನ್ನೆಲ್ಲ ಪುಲ್ಲಿಯ ಪಕ್ಕದ ಫ್ಲ್ಯಾಂಜ್ (ಬೆಲ್ಟನ್ನು ತಡೆಯುವ ಅಂಚುತಟ್ಟೆ) ಹೊರಬೇಕು.

ತೆಳುವಾದ ತ್ರೀಡಿ ಪ್ರಿಂಟ್ ಫ್ಲ್ಯಾಂಜ್ ಪದರ ಬಿಟ್ಟು ಸೀಳುತ್ತದೆ. ಅಲ್ಯುಮಿನಿಯಂ ಅಥವಾ ಪಾಲಿಕಾರ್ಬೊನೇಟ್ ತಟ್ಟೆ ಕತ್ತರಿಸಿ, ಕನಿಷ್ಠ ಆರು ಸ್ಕ್ರೂಗಳಿಂದ ಪುಲ್ಲಿಗೆ ಬಿಗಿಯಿರಿ. ಒಳಗಿನ ಅಂಚನ್ನು ಹೊರಕ್ಕೆ ಸ್ವಲ್ಪ ಓರೆ ಮಾಡಿ, ಆಗ ಬೆಲ್ಟ್ ಅದರ ಮೇಲೆ ಹತ್ತದೆ ಒಳಗೆ ಜಾರುತ್ತದೆ. ಫ್ಲ್ಯಾಂಜ್ ಬೆಲ್ಟಿನ ಹಲ್ಲುಗಳಿಗಿಂತ ಎತ್ತರ ಇರಬೇಕು, ಹೊದಿಕೆಯ ಹೊರಮೈಗಿಂತ ಕೆಳಗೇ ನಿಲ್ಲಬೇಕು. ಇಲ್ಲದಿದ್ದರೆ ಅದೇ ನೆಲ ಕೆರೆಯುತ್ತದೆ. ಇನ್ನೂ ಒಳ್ಳೆಯ ದಾರಿ ಎಂದರೆ ಒಳಮೈಯ ಮಧ್ಯದಲ್ಲಿ ಉದ್ದಕ್ಕೂ ವಿ ಆಕಾರದ ಏಣು ಇರುವ ಬೆಲ್ಟ್. ಪುಲ್ಲಿಗಳಲ್ಲಿ ಅದಕ್ಕೆ ಸರಿಯಾದ ತೋಡು ಕೊರೆದರೆ ಬೆಲ್ಟ್ ತನ್ನ ದಾರಿ ಬಿಡುವುದಿಲ್ಲ.

ಶಾಫ್ಟುಗಳಿಗೆ ಎರಡೂ ಕಡೆ ಆಧಾರ ಕೊಡಿ. ಒಳಗೊಂದು ತಟ್ಟೆ, ಹೊರಗೊಂದು ತಟ್ಟೆ, ನಡುವೆ ಬೆಲ್ಟ್. ಒಂದೇ ಕಡೆ ಹಿಡಿದ ಶಾಫ್ಟ್ ಬೆಲ್ಟಿನ ಎಳೆತಕ್ಕೆ ಕೂದಲೆಳೆಯಷ್ಟು ಬಾಗಿದರೂ ಪುಲ್ಲಿ ಓರೆಯಾಗುತ್ತದೆ, ಬೆಲ್ಟ್ ಒಂದು ಪಕ್ಕಕ್ಕೆ ಓಡುತ್ತದೆ. ಎರಡೂ ತಟ್ಟೆಗಳ ರಂಧ್ರಗಳನ್ನು ಜೋಡಿಸಿ ಹಿಡಿದು ಒಟ್ಟಿಗೇ ಕೊರೆಯಿರಿ.

ಕಳಚುವ ಅತಿ ಅಪಾಯದ ಗಳಿಗೆ ಯಾವುದು ಗೊತ್ತಾ? ಹಿಂದಕ್ಕೆ ಹೋಗುತ್ತಾ ತಿರುಗುವುದು. ಆಗ ಮೋಟರಿನ ಪುಲ್ಲಿ ಮೇಲಿನ ಭಾಗವನ್ನು ಎಳೆಯುತ್ತದೆ, ಕೆಳಗಿನ ಭಾಗ ಸಡಿಲವಾಗುತ್ತದೆ. ಸಡಿಲ ಬೆಲ್ಟಿಗೆ ಅಡ್ಡ ಒತ್ತಡ ಬಿದ್ದರೆ ಹಲ್ಲು ಫ್ಲ್ಯಾಂಜ್ ಮೇಲೆ ಹತ್ತಿಬಿಡುತ್ತದೆ.

ಆದ್ದರಿಂದ ಬಿಗಿತ. ಹಿಂದೆ ಮುಂದೆ ಸರಿಯುವ ಐಡ್ಲರ್ (ಮೋಟರ್ ಇಲ್ಲದೆ ಸುಮ್ನೆ ತಿರುಗುವ ಪುಲ್ಲಿ) ಇಡಿ, ಬೋಲ್ಟ್ ತಿರುಗಿಸಿ ತಳ್ಳುವ ಹಾಗೆ. ಸುಮ್ನೆ ತೋಡಿನಲ್ಲಿ ಬಿಗಿದ ಬೋಲ್ಟ್ ಡಿಕ್ಕಿಗೆ ಜಾರುತ್ತದೆ. ಐಡ್ಲರ್ 1 ಮಿ.ಮೀ. ಸರಿದರೆ ಬೆಲ್ಟಿನಲ್ಲಿ 2 ಮಿ.ಮೀ. ಸಡಿಲ ಹೋಗುತ್ತದೆ. 15 ಮಿ.ಮೀ. ಸರಿಯುವ ಜಾಗ ಇದ್ದರೆ ಬೆಲ್ಟ್ ಹಾಕಲೂ ತೆಗೆಯಲೂ ಸುಲಭ. ಎರಡು ಪುಲ್ಲಿಗಳ ನಡುವೆ ಆಧಾರವಿಲ್ಲದ 500 ಮಿ.ಮೀ. ಬೆಲ್ಟಿನ ಮಧ್ಯದಲ್ಲಿ ಬೆರಳಿನಿಂದ ಒತ್ತಿದಾಗ 8 ಮಿ.ಮೀ. ಒಳಗೆ ಹೋದರೆ ಸರಿ. ವೀಣೆಯ ತಂತಿಯ ಹಾಗೆ ಬಿಗಿದರೆ ಬೇರಿಂಗ್ ಸವೆಯುತ್ತದೆ, ಆಂಪ್ ಏರುತ್ತದೆ. ಸ್ಪ್ರಿಂಗ್ ಐಡ್ಲರ್ ಹಿಮ್ಮುಖ ಎಳೆತಕ್ಕೆ ಸೋಲುತ್ತದೆ, ಅದಕ್ಕೇ ನಾನು ಗಟ್ಟಿಯಾಗಿ ಲಾಕ್ ಆಗುವುದನ್ನೇ ಹಾಕುತ್ತೇನೆ.

ಕೋಡ್

ತಿರುಗುವ ಆಜ್ಞೆ ಸೊನ್ನೆಯಿಂದ ಪೂರ್ತಿಗೆ ಒಮ್ಮೆಲೇ ಹಾರದಂತೆ, ಕಾಲು ಸೆಕೆಂಡಿನಷ್ಟು ಹೊತ್ತಿನಲ್ಲಿ ಏರುವಂತೆ ಬರೆಯಿರಿ. ರೋಬಾಟ್ ಎಷ್ಟು ತಿರುಗಿತು ಎಂದು ಎನ್‌ಕೋಡರ್ (ಶಾಫ್ಟಿನ ಸುತ್ತು ಎಣಿಸುವ ಸಾಧನ) ನೋಡಿ ಹೇಳಲು ಹೋಗಬೇಡಿ. ತಿರುಗುವಾಗ ಪಟ್ಟಿ ಸದಾ ಜಾರುತ್ತಿರುವುದರಿಂದ ಲೆಕ್ಕ ತಪ್ಪುತ್ತದೆ. ಕೋನಕ್ಕೆ ಗೈರೋ (ತಿರುಗುವಿಕೆ ಅಳೆಯುವ ಸೆನ್ಸರ್) ಬಳಸಿ, ನೇರ ದೂರಕ್ಕೆ ಮಾತ್ರ ಎನ್‌ಕೋಡರ್. ಓಡಿಸುವವರಿಗೆ ಕಮಾನಾಗಿ ತಿರುಗಿಸುವ ಅಭ್ಯಾಸ ಮಾಡಿಸಿ. ನಿಂತಲ್ಲೇ ತಿರುಗುವುದು ಬೇರೆ ದಾರಿ ಇಲ್ಲದಾಗ ಮಾತ್ರ.

ಪರೀಕ್ಷೆ

ಚಾಸಿಸ್ ಮಾತ್ರ ತಯಾರಾದಾಗಲೇ ಪೂರ್ತಿ ತೂಕ ಹೇರಿ ಪರೀಕ್ಷೆ ಮಾಡಿ, ಮತ್ತು ಸ್ಪರ್ಧೆಯ ನೆಲದಂಥದ್ದೇ ನೆಲದ ಮೇಲೆ ಮಾಡಿ. ಒಂದು ನಿಮಿಷ ಎಡಕ್ಕೆ, ಒಂದು ನಿಮಿಷ ಬಲಕ್ಕೆ ನಿಂತಲ್ಲೇ ತಿರುಗಿಸಿ, ಆಂಪ್ ಬರೆದುಕೊಳ್ಳಿ. ಲೆಕ್ಕಕ್ಕಿಂತ ಅರ್ಧದಷ್ಟು ಜಾಸ್ತಿ ಬಂದರೆ ಬೆಲ್ಟ್ ಅತಿ ಬಿಗಿ ಇರಬಹುದು, ಅಥವಾ ಬೆಲ್ಟ್ ಫ್ಲ್ಯಾಂಜಿಗೆ ಉಜ್ಜುತ್ತಿರಬಹುದು. ಕಪ್ಪು ರಬ್ಬರ್ ಪುಡಿ ಎಲ್ಲಿ ಬಿದ್ದಿದೆ ನೋಡಿದರೆ ಯಾವ ಪುಲ್ಲಿ ಎಂದು ತಿಳಿಯುತ್ತದೆ. ಆಮೇಲೆ ಒಂದು ಪಟ್ಟಿಯನ್ನು ಅಂಚಿನ ಮೇಲೆ, ಇನ್ನೊಂದನ್ನು ನೆಲದ ಮೇಲೆ ಇಟ್ಟು ಹಿಂದಕ್ಕೆ ತಿರುಗಿಸಿ. ಇಪ್ಪತ್ತು ಸಲ ಕಳಚದಿದ್ದರೆ ಅದನ್ನು ಪಂದ್ಯಕ್ಕೆ ಒಯ್ಯಬಹುದು.

ಕೊನೆಗೆ ಗಡಿಯಾರ ಹಿಡಿದು ಬೆಲ್ಟ್ ಬದಲಿಸಿ. ಹೊರಗಿನ ತಟ್ಟೆ ಬಿಚ್ಚಿ, ಐಡ್ಲರ್ ಸಡಿಲಿಸಿ, ಹಳೆಯದು ತೆಗೆದು ಹೊಸದು ಹಾಕಿ ಮತ್ತೆ ಬಿಗಿಯುವುದು ಐದು ನಿಮಿಷದೊಳಗೆ ಮುಗಿಯಬೇಕು. ಮುಗಿಯದಿದ್ದರೆ ಯಾವ ಸ್ಕ್ರೂ ತಡ ಮಾಡಿತು ನೋಡಿ ಅದರ ಜಾಗ ಬದಲಿಸಿ. ಎರಡು ಬೆಲ್ಟ್ ಹೆಚ್ಚುವರಿ ಇಟ್ಟುಕೊಳ್ಳಿ, ಎರಡನ್ನೂ ಒಮ್ಮೆ ರೋಬಾಟಿಗೆ ಹಾಕಿ ಓಡಿಸಿ, ಆಮೇಲೆ ಸುತ್ತಿ ಎತ್ತಿಡಿ.